ಬೆನ್ನಿನೊಳಗಣ ಹುರಿ

ಆಷಾಢ ಕಳೆದು ಶ್ರಾವಣ ಹಿಡಿಯಿತೆಂದರೆ ನಮ್ಮ ಹುಣಸೂರು, ಪಿರಿಯಾಪಟ್ಟಣಗಳ ಸೀಮೆಯಲ್ಲಿ ಹೊಗೆಸೊಪ್ಪು ಬೇಯಿಸುವ ಕಾಲ ಬಂದಿತೆಂದೇ ಅರ್ಥ. ಹೊಲದಿಂದ ಮುರಿದು ತಂದ ಹಸಿಯ ಎಲೆಗಳನ್ನು ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಎಂಬ ಎತ್ತರದ ಕೋಣೆಯೊಳಗೆ ಅಂತಸ್ತಿನ ಮೇಲೆ ಅಂತಸ್ತಾಗಿ ತೂಗುಹಾಕುವರು. ಏರಿಸುವವನು ಎರಡು ಅಡ್ಡಮರಗಳ ಮೇಲೆ ಒಂದೊಂದು ಕಾಲಿಟ್ಟು, ನೆಲದಿಂದ ಎರಡಾಳು ಎತ್ತರದಲ್ಲಿ ನಿಂತು, ಕೆಳಗಿನಿಂದ ನೀಡಿದ ಕಡ್ಡಿಗಳನ್ನು ಕೈಗೆ ತೆಗೆದುಕೊಂಡು ಮೇಲಕ್ಕೆ ಸೇರಿಸುತ್ತಾನೆ. ಹಿಡಿದುಕೊಳ್ಳಲು ಅವನಿಗೆ ಕೈ ಬಿಡುವಿಲ್ಲ. ಕಾಲಡಿಯ ಮರಗಳು ಎಲೆಯ ನೀರಿನಿಂದ ಜಾರುತ್ತಿರುವುವು. ಕೃಷ್ಣರಾಜನಗರದ ಕಡೆ ಕಾಲುವೆಯ ಬದಿಯ ತೆಂಗಿನ ಮರಗಳುಂಟು. ಹೆಗ್ಗಡದೇವನಕೋಟೆಯ ಕಾಡಿನಂಚಿನಲ್ಲಿ ಹೆಜ್ಜೇನಿಗಾಗಿ ಹೆಮ್ಮರಗಳನ್ನೇರುವ ಜೇನುಕುರುಬರುಂಟು. ಅಂತು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಅನ್ನಕ್ಕಾಗಿ ಎತ್ತರಕ್ಕೇರುವ ಜನಕ್ಕೆ ಕೊರತೆಯಿಲ್ಲ. ಏರಿದವರಲ್ಲಿ ಕೆಲವರು ಬೀಳುವುದೂ ಉಂಟು.

ಬಿದ್ದವನ ಕೈಯೋ ಕಾಲೋ ಮುರಿದರೆ ಅದು ಮೂರು ತಿಂಗಳ ಕಷ್ಟ. ಬೆನ್ನು ಮುರಿದರೆ ಹಾಗಲ್ಲ. ಆ ಮನೆಯ ದಿನಚರಿಯೇ ಅಂದಿನಿಂದ ಬೇರೆಯಾಗಿಬಿಡುವುದು. ಅದೇಕೆ ಹಾಗೆ ಎಂಬುದನ್ನು ಗೃಹಸ್ಥರು ಮೊದಲೇ ತಿಳಿದಿದ್ದರೆ ಎಷ್ಟೋ ಅನರ್ಥ ತಪ್ಪಬಹುದೆಂದು ತೋರಿದ್ದರಿಂದ ಈ ಬರಹಕ್ಕೆ ಕೈಹಾಕಿದ್ದೇವೆ. ನಾವು ವೈದ್ಯರಲ್ಲ, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿದವರು. ಆದರೆ ನಮ್ಮಲ್ಲಿ ಓದಿದ ಹುಡುಗನೊಬ್ಬನು ಬ್ಯಾರನ್ನಿನಿಂದ ಬಿದ್ದ ಮೇಲೆ, ಅವನ ಹಾಸಿಗೆಯ ಬಳಿ ಕುಳಿತು, ವೈದ್ಯರನ್ನು ಕೇಳಿ, ಪುಸ್ತಕಗಳನ್ನು ತಿರುವಿ ತಿಳಿದುಕೊಂಡದ್ದು ಇಷ್ಟುಂಟು.

ಬೆನ್ನುಮೂಳೆಯು ಒಂದೇ ಮೂಳೆಯಲ್ಲ. ಹುಟ್ಟುವಾಗ ಅದರಲ್ಲಿ ೩೩ ಮಣಿಗಳಿರುವುವು: ಕುತ್ತಿಗೆಯಲ್ಲಿ ೭, ಎದೆಯ ಹಿಂದೆ ೧೨, ಸೊಂಟದಲ್ಲಿ ೫; ಅವುಗಳ ಕೆಳಗಿನ ೫ ಮಣಿಗಳೂ ತುದಿಯ ೪ ಮಣಿಗಳೂ ಬೆಳೆದಂತೆಲ್ಲ ತಮ್ಮತಮ್ಮಲ್ಲೇ ಬೆಸೆದುಹೋಗುವುವು. ಮಣಿಯ ಹಿಂಭಾಗದಲ್ಲಿ ಮೂಳೆಯದೇ ಒಂದು ಬಳೆಯುಂಟು. ಬಳೆಯ ಮೇಲೆ ಬಳೆ ಕುಳಿತು ಕೊಳವೆಯಾಗಿ, ಆ ಕೊಳವೆಯೊಳಗೆ ಮಿದುಳಿನ ಬುಡದಿಂದ ಬೆನ್ನುಹುರಿಯು ಇಳಿದುಬಂದಿದೆ. ಬೆಳೆದ ಗಂಡಸಿನಲ್ಲಿ ಅದರ ಉದ್ದ ಸುಮಾರು ೪೫ ಸೆಂಟಿಮೀಟರು, ಎಂದರೆ ಒಂದೂವರೆ ಅಡಿ, ದಪ್ಪ ಕಿರುಬೆರಳಿನಷ್ಟು, ತೂಕ ಸುಮಾರು ೩೫ ಗ್ರಾಂ, ಒಂದು ಸಣ್ಣ ನಿಂಬೆಯ ಹಣ್ಣಿನಷ್ಟು. ಇಷ್ಟರಿಂದ ಇಡೀ ದೇಹದ ನಡೆ, ನೋವು, ಬಿಸಿ, ತಣ್ಪು, ಮಲಮೂತ್ರಗಳ ಹಿಡಿತ ಎಲ್ಲವೂ ಸಾಗಬೇಕು.

ಹುರಿಯೆಂಬ ಹೆಸರು ಕೇಳುವವರಿಗೆ ಸ್ವಲ್ಪ ಮೋಸಮಾಡುತ್ತದೆ. ಹುರಿಯೆಂದರೆ ನಾವು ಹೊಸೆದು ಬಿಗಿಮಾಡಿದ ಹಗ್ಗವನ್ನು ನೆನೆಯುತ್ತೇವೆ. ಇದಾದರೋ ಎಳೆದರೆ ತಡೆಯುವ ವಸ್ತುವಲ್ಲ. ಹೆಚ್ಚುಕಡಮೆ ಕಳಿತ ಬಾಳೆಯ ಹಣ್ಣಿನಷ್ಟು ಮೃದು. ಆದಕಾರಣವೇ ಪ್ರಕೃತಿಯು ಅದಕ್ಕೆ ಮೂರು ಪೊರೆಗಳನ್ನು ಹೊದಿಸಿ, ಪೊರೆಗಳ ನಡುವೆ ತಿಳಿನೀರನ್ನು ತುಂಬಿ, ಹೊರಗೆ ಮೂಳೆಯ ಕೋಟೆಯನ್ನು ಕಟ್ಟಿರುವುದು. ಆ ಕೋಟೆಯು ಮುರಿದ ಹೊತ್ತಿನಲ್ಲಿ ಅದರ ಚೂರೇ ಒಳಗಿನ ಅರಸನಿಗೆ ಶತ್ರುವಾಗುವುದು. ಇದನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಹುರಿಯು ಬೆನ್ನಿನ ಕೊನೆಯವರೆಗೂ ಇಳಿಯುವುದಿಲ್ಲ. ಸೊಂಟದ ಮೊದಲನೆಯ ಅಥವಾ ಎರಡನೆಯ ಮಣಿಯ ಮಟ್ಟದಲ್ಲಿಯೇ ಮುಗಿದು, ಅಲ್ಲಿಂದ ಕೆಳಕ್ಕೆ ನರಗಳ ಬೇರುಗಳು ಮಾತ್ರ ಕುದುರೆಯ ಬಾಲದ ಕೂದಲಿನಂತೆ ಜೋಲಾಡುವುವು. ಪಾಶ್ಚಾತ್ಯ ವೈದ್ಯರು ಲ್ಯಾಟಿನ್ ಭಾಷೆಯಲ್ಲಿ ಅದನ್ನು ಕುದುರೆಬಾಲವೆಂದೇ ಕರೆದಿದ್ದಾರೆ, ನಾವು ಅಶ್ವಪುಚ್ಛವೆನ್ನಬಹುದು. ಇಲ್ಲಿ ಹೆಣ್ಣುಮಕ್ಕಳಿಗೊಂದು ಮಾತು. ಹೆರಿಗೆಯ ಶಸ್ತ್ರಕ್ರಿಯೆಗೆ ಮೊದಲು ಬೆನ್ನಿಗೆ ಕೊಡುವ ಸೂಜಿಯು ಹುರಿಗೆ ಚುಚ್ಚುವುದೆಂದೂ, ಜನ್ಮವಿಡೀ ಬೆನ್ನುನೋವು ಅದರಿಂದಲೇ ಎಂದೂ ನಮ್ಮ ಮನೆಗಳಲ್ಲಿ ನಂಬಿಕೆಯುಂಟು. ಆ ಸೂಜಿಯನ್ನು ಹಾಕುವುದು ಹುರಿಯು ಮುಗಿದ ತರುವಾಯದ ಜಾಗದಲ್ಲಿ. ಅಲ್ಲಿರುವ ಬೇರುಗಳು ನೀರಿನಲ್ಲಿ ತೇಲುವ ಎಳೆಗಳಂತೆ ಸೂಜಿಗೆ ಸರಿದು ದಾರಿ ಕೊಡುವುವು. ಚುಚ್ಚಿದ ಜಾಗ ಕೆಲವು ದಿನ ನೊಂದೀತು. ಕೂಸನ್ನು ಬಾಗಿ ಎತ್ತುವುದು, ಮೊಲೆಯೂಡಿಸಲು ಗೂನಿ ಕೂಡುವುದು, ಬಾಣಂತಿಯ ಸೊಂಟ ಸಡಿಲವಾಗಿರುವುದು, ಇವೆಲ್ಲ ಬಿಟ್ಟು ಪಾಪದ ಸೂಜಿಯೊಂದರ ಮೇಲೆಯೇ ಹೊರೆ ಹೊರಿಸುವುದು ನ್ಯಾಯವಲ್ಲ.

ಇನ್ನು ದಾರಿಗಳ ವಿಚಾರ. ಹುರಿಯನ್ನು ಅಡ್ಡಲಾಗಿ ಕೊಯ್ದು ನೋಡಿದರೆ ನಡುವೆ ರೆಕ್ಕೆ ಬಿಚ್ಚಿದ ಚಿಟ್ಟೆಯ ಆಕಾರದಲ್ಲಿ ಬೂದುಬಣ್ಣದ ಭಾಗವೂ ಸುತ್ತಲೂ ಬಿಳಿಯ ಭಾಗವೂ ಕಾಣುವುವು. ಬೂದು ಭಾಗದಲ್ಲಿ ನರಕಣಗಳಿವೆ, ಅದು ಊರು. ಬಿಳಿಯ ಭಾಗದಲ್ಲಿ ಉದ್ದನೆಯ ನರತಂತುಗಳಿವೆ, ಅದು ರಸ್ತೆ. ಹುರಿಯಿಂದ ಎಡಕ್ಕೂ ಬಲಕ್ಕೂ ೩೧ ಜೊತೆ ನರಗಳು ಹೊರಡುವುವು. ಒಂದೊಂದು ನರಕ್ಕೂ ಎರಡು ಬೇರು: ಹಿಂದಿನ ಬೇರಿನಿಂದ ಸ್ಪರ್ಶವೂ ನೋವೂ ಒಳಕ್ಕೆ ಬರುವುವು, ಮುಂದಿನ ಬೇರಿನಿಂದ ಚೇಷ್ಟೆಯ ಆಜ್ಞೆ ಹೊರಕ್ಕೆ ಹೋಗುವುದು. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಬೆಲ್ ಎಂಬಾತನು ೧೮೧೧ರಲ್ಲಿ ಇದರ ಅರ್ಧವನ್ನು ಕಂಡನು. ಫ್ರಾನ್ಸಿನ ಮಜಾಂಡೀ ಎಂಬಾತನು ೧೮೨೨ರಲ್ಲಿ ಪೂರ್ತಿಯಾಗಿ ತೋರಿಸಿದನು. ನಮ್ಮ ಬಾಲ್ಯದಲ್ಲಿ ಕಾಲು ಸೊರಗಿದ ಪೋಲಿಯೋ ಮಕ್ಕಳು ಶಾಲೆಶಾಲೆಗೂ ಇರುತ್ತಿದ್ದರಷ್ಟೆ. ಆ ರೋಗಾಣುವು ಚಿಟ್ಟೆಯ ಮುಂದಿನ ರೆಕ್ಕೆಯಲ್ಲಿರುವ ಚೇಷ್ಟೆಯ ಕಣಗಳನ್ನೇ ಆರಿಸಿ ಕೊಲ್ಲುವುದು. ಆದುದರಿಂದ ಆ ಮಕ್ಕಳ ಕಾಲಿಗೆ ಶಕ್ತಿಯಿಲ್ಲದಿದ್ದರೂ ಮುಳ್ಳು ಚುಚ್ಚಿದ್ದು ಚೆನ್ನಾಗಿ ತಿಳಿಯುತ್ತಿತ್ತು. ನಮ್ಮ ದೇಶದಲ್ಲಿ ಅದರ ಕಡೆಯ ಮಗು ಕಂಡುಬಂದದ್ದು ೨೦೧೧ರ ಜನವರಿಯಲ್ಲಿ, ಬಂಗಾಳದ ಹೌರಾದಲ್ಲಿ. ೨೦೧೪ರ ಮಾರ್ಚಿಯಲ್ಲಿ ಭಾರತವು ಪೋಲಿಯೋ ಮುಕ್ತವೆಂದು ಘೋಷಿತವಾಯಿತು. ಎರಡು ತೊಟ್ಟು ಔಷಧಿಯಿಂದ ಆದ ಈ ಕಾರ್ಯವನ್ನು ನೆನೆದಾಗಲೆಲ್ಲ ನಮಗೆ ಮೈ ನವಿರೇಳುತ್ತದೆ.

ಹುರಿಯ ದಾರಿಗಳಲ್ಲಿ ಮುಖ್ಯವಾದವು ಮೂರು. ಮಿದುಳಿನಿಂದ ಚೇಷ್ಟೆಯ ಆಜ್ಞೆಯನ್ನು ಇಳಿಸುವ ದಾರಿ ಒಂದು. ಪ್ರತಿ ಪಕ್ಕಕ್ಕೂ ಸುಮಾರು ಹತ್ತು ಲಕ್ಷ ತಂತುಗಳು. ಅವುಗಳಲ್ಲಿ ಹೆಚ್ಚಿನ ಪಾಲು ಮಿದುಳಿನ ಬುಡದಲ್ಲಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟುವುವು. ಮಿದುಳಿನ ಎಡಭಾಗದಲ್ಲಿ ರಕ್ತ ಕಟ್ಟಿದರೆ ಬಲಗೈ ಬಲಗಾಲು ಬೀಳುವುದು ಇದರಿಂದಲೇ. ಕೈಕಾಲು ಎಲ್ಲಿವೆ, ಹೇಗಿವೆ ಎಂಬ ಅರಿವನ್ನೂ ನಯವಾದ ಸ್ಪರ್ಶವನ್ನೂ ಏರಿಸುವ ದಾರಿ ಎರಡನೆಯದು. ಇದು ಹುರಿಯ ಹಿಂಬದಿಯಲ್ಲಿ ತನ್ನ ಪಕ್ಕದಲ್ಲಿಯೇ ಏರಿ, ಮಿದುಳಿನ ಬುಡಕ್ಕೆ ಹೋದಮೇಲೆ ದಾಟುವುದು. ನೋವು, ಬಿಸಿ, ತಣ್ಪುಗಳ ದಾರಿ ಮೂರನೆಯದು. ಇದಕ್ಕೆ ಅಷ್ಟು ತಾಳ್ಮೆಯಿಲ್ಲ, ಹುರಿಯನ್ನು ಹೊಕ್ಕ ಜಾಗದ ಹತ್ತಿರವೇ ಎದುರು ಪಕ್ಕಕ್ಕೆ ದಾಟಿಬಿಡುವುದು. ಮೈಸೂರಿಗೆ ಹೊರಟವರಲ್ಲಿ ಕೆಲವರು ನಮ್ಮೂರ ಮುಂದೆಯೇ ರಸ್ತೆ ದಾಟುವರು, ಕೆಲವರು ಮೈಸೂರು ಸೇರಿ ಅಲ್ಲಿ ದಾಟುವರು, ಹಾಗೆ. ಇದರ ಫಲವು ವಿಚಿತ್ರ. ಹುರಿಯ ಒಂದೇ ಪಕ್ಕಕ್ಕೆ ಏಟು ಬಿದ್ದರೆ, ಆ ಪಕ್ಕದ ಕಾಲು ಆಡದು, ಆದರೆ ಸೂಜಿ ಚುಚ್ಚಿದರೆ ನೋಯುವುದು. ಎದುರಿನ ಕಾಲು ಆಡುವುದು, ಆದರೆ ಕೆಂಡ ತಗುಲಿದರೂ ತಿಳಿಯದು. ಬ್ರೌನ್ ಸೆಕಾರ್ ಎಂಬ ವೈದ್ಯನು ೧೮೫೦ರ ಸುಮಾರಿನಲ್ಲಿ ಇದನ್ನು ವಿವರಿಸಿದನು. ವೈದ್ಯರು ಒಂದು ಗುಂಡುಸೂಜಿಯನ್ನೂ ಸ್ವಲ್ಪ ಹತ್ತಿಯನ್ನೂ ಹಿಡಿದು ಮೈಯೆಲ್ಲ ಮುಟ್ಟಿ ನೋಡುವುದನ್ನು ಕಂಡು, ದೊಡ್ಡ ಯಂತ್ರಗಳಿರುವಾಗ ಇದೇನು ಮಕ್ಕಳಾಟವೆಂದು ಯಾರೂ ಎಣಿಸಬಾರದು. ಯಾವ ದಾರಿ ಎಲ್ಲಿ ಕಡಿದಿದೆಯೆಂದು ಅವರು ಓದುತ್ತಿರುವರು. ಹೊಕ್ಕುಳಿನ ಮಟ್ಟಕ್ಕೆ ಸ್ಪರ್ಶ ನಿಂತರೆ ಎದೆಭಾಗದ ಹತ್ತನೆಯ ನರದ ಜಾಗವೆಂದು ಅವರಿಗೆ ತಿಳಿಯುವುದು.

ಎರಡನೆಯ ದಾರಿಯ ವಿಷಯವಾಗಿ ನಮ್ಮ ಮನೆಯಲ್ಲೇ ಕಂಡ ಸಂಗತಿಯೊಂದನ್ನು ಹೇಳಬೇಕು. ನಮ್ಮ ಅಕ್ಕನವರಿಗೆ ಎಪ್ಪತ್ತು ದಾಟಿದೆ. ಸಸ್ಯಾಹಾರಿಗಳು, ಅದರ ಮೇಲೆ ಹಲವು ವರ್ಷಗಳಿಂದ ಹಾಲು ಮೊಸರನ್ನೂ ಬಿಟ್ಟಿದ್ದರು. ಪಾದಗಳು ಜುಮ್ಮೆನ್ನುವುವು, ಹತ್ತಿಯ ಮೇಲೆ ನಡೆದಂತಾಗುವುದು ಎನ್ನುತ್ತಿದ್ದರು. ಬಚ್ಚಲಿನಲ್ಲಿ ತಲೆಯ ಮೇಲೆ ನೀರು ಸುರಿದುಕೊಂಡು ಕಣ್ಣು ಮುಚ್ಚಿದೊಡನೆ ಓಲಾಡುತ್ತಿದ್ದರು. ವಯಸ್ಸೆಂದು ಎಲ್ಲರೂ ಅಂದರು. ವೈದ್ಯರು ಅವರನ್ನು ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸಿ ನೋಡಿದರು, ಹಿಡಿಯದಿದ್ದರೆ ಬೀಳುತ್ತಿದ್ದರು. ಕಾಲಿನ ಸುದ್ದಿಯು ಹುರಿಯ ಹಿಂಬದಿಯ ದಾರಿಯಲ್ಲಿ ಸರಿಯಾಗಿ ಏರದಿದ್ದಾಗ ಕಣ್ಣು ಆ ಕೆಲಸವನ್ನು ಮಾಡುತ್ತಿರುತ್ತದೆ. ಕಣ್ಣೂ ಮುಚ್ಚಿದರೆ ದೇಹಕ್ಕೆ ತನ್ನ ಕಾಲು ಎಲ್ಲಿದೆಯೆಂದೇ ತಿಳಿಯದು. ರಕ್ತದಲ್ಲಿ ಬಿ ಹನ್ನೆರಡು ಎಂಬ ಜೀವಸತ್ತ್ವವು ಬಹಳ ಇಳಿದಿತ್ತು. ಅದು ಗಿಡಮರಗಳ ಆಹಾರದಲ್ಲಿಲ್ಲ. ಸಸ್ಯಾಹಾರಿಗಳಿಗೆ ಹಾಲು ಮೊಸರೇ ಅದರ ಆಸರೆ, ಮುದುಕರಿಗೆ ಇದ್ದುದೂ ಸರಿಯಾಗಿ ಮೈಗೂಡದು. ಸೂಜಿಮದ್ದು ಕೊಟ್ಟರು. ನಾಲ್ಕಾರು ತಿಂಗಳಲ್ಲಿ ಓಲಾಟ ಬಹಳ ಕಡಮೆಯಾಯಿತು. ಜುಮ್ಮೆನ್ನುವುದು ಸ್ವಲ್ಪ ಉಳಿದಿದೆ. ತಡಮಾಡಿದಷ್ಟೂ ಉಳಿಯುವುದು ಹೆಚ್ಚೆಂದು ವೈದ್ಯರ ಮಾತು. ಹಾಲನ್ನು ಬಿಟ್ಟ ವ್ರತವು ಈಗ ಮೊಸರನ್ನಕ್ಕೆ ಎಡೆಗೊಟ್ಟಿದೆ.

ಸಂಸ್ಕೃತ ಓದಿದವರೆಂದು ಜನ ನಮ್ಮನ್ನು ಕೇಳುವ ಪ್ರಶ್ನೆಯೊಂದುಂಟು: ಯೋಗಶಾಸ್ತ್ರದ ಸುಷುಮ್ನಾ ನಾಡಿಯೆಂದರೆ ಈ ಬೆನ್ನುಹುರಿಯೇ ಅಲ್ಲವೇ? ನಮ್ಮ ಉತ್ತರ, ಅಲ್ಲ. ಮೇರುದಂಡದೊಳಗೆ ಸುಷುಮ್ನೆಯನ್ನೂ ಅದರಲ್ಲಿ ಪದ್ಮಗಳನ್ನೂ ಹೇಳುವ ಗ್ರಂಥಗಳು ಧ್ಯಾನಕ್ಕಾಗಿ ಹೇಳಿದವು, ಚೂರಿ ಹಿಡಿದವರಿಗಾಗಿ ಅಲ್ಲ. ಸ್ವಾಮಿ ದಯಾನಂದ ಸರಸ್ವತಿಯವರು ತರುಣರಾಗಿದ್ದಾಗ ಗಂಗೆಯಲ್ಲಿ ತೇಲಿಬಂದ ಹೆಣವನ್ನು ಕೊಯ್ದು ನೋಡಿ, ಚಕ್ರಗಳು ಕಾಣದೆ ಆ ಪುಸ್ತಕಗಳನ್ನು ಹರಿದು ನದಿಗೆ ಎಸೆದೆವೆಂದು ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಪುಸ್ತಕ ಎಸೆಯುವಷ್ಟು ಕೋಪ ನಮಗಿಲ್ಲ. ಆದರೆ ಎರಡನ್ನೂ ಕಲಸಿ ಹೇಳುವ ಉಪನ್ಯಾಸಕರನ್ನು ಕಂಡರೆ ಇಬ್ಬರಿಗೂ ಅನ್ಯಾಯವಾಯಿತೆನ್ನಿಸುವುದು. ನಿಜವಾಗಿ ಕೈಯಿಂದ ಮುಟ್ಟಿ ನೋಡಿದವರ ಮಾತು ಬೇಕೆಂದರೆ ಸುಶ್ರುತನನ್ನು ನೋಡಬೇಕು. ಆತನು ಶಾರೀರಸ್ಥಾನದಲ್ಲಿ ೧೦೭ ಮರ್ಮಗಳನ್ನು ಎಣಿಸುವಾಗ, ಬೆನ್ನುಮೂಳೆಯ ಎರಡು ಪಕ್ಕಗಳಲ್ಲಿ ಸೊಂಟದ ಕೆಳಗೆ ಕುಕುಂದರಗಳೆಂಬ ಎರಡು ಮರ್ಮಗಳನ್ನು ಹೇಳಿ, ಅಲ್ಲಿ ಏಟಾದರೆ ದೇಹದ ಕೆಳಭಾಗದಲ್ಲಿ ಸ್ಪರ್ಶ ತಿಳಿಯದೆಂದೂ ಚೇಷ್ಟೆ ಕೆಡುವುದೆಂದೂ ಹೇಳುತ್ತಾನೆ. ಹುರಿಯ ಹೆಸರು ಆತನಿಗೆ ಬೇಕಾಗಲಿಲ್ಲ. ಸ್ಪರ್ಶವೊಂದು, ಚೇಷ್ಟೆಯೊಂದು ಎಂದು ಬೇರೆಮಾಡಿ ಎರಡನ್ನೂ ಹೇಳಿದನಲ್ಲ, ಆ ಕಣ್ಣಿಗೆ ನಾವು ಕೈಮುಗಿಯುತ್ತೇವೆ.

ಈಗ ಆ ಹುಡುಗನ ವಿಚಾರ. ಹುಡುಗನೆಂದೆವು, ಅವನಿಗೆ ಮೂವತ್ತೆರಡು ವರ್ಷ. ಬಿದ್ದಾಗ ಎಚ್ಚರವಿತ್ತು, ಬೆನ್ನು ನೋಯುತ್ತದೆಂದು ಕೂಗಿದನಂತೆ. ಸುತ್ತ ಇದ್ದವರು ಒಳ್ಳೆಯವರೇ. ಇಬ್ಬರು ಕಂಕುಳಿಗೆ ಕೈಕೊಟ್ಟು, ಇಬ್ಬರು ಕಾಲು ಹಿಡಿದು ಎತ್ತಿ, ಕೂರಿಸಿ ನೀರು ಕುಡಿಸಿ, ಆಟೋರಿಕ್ಷಾದಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೊರಟರು. ಆಸ್ಪತ್ರೆ ಸೇರುವ ಹೊತ್ತಿಗೆ ಹೊಕ್ಕುಳಿನಿಂದ ಕೆಳಗೆ ಅರಿವಿರಲಿಲ್ಲ. ಬಿದ್ದಾಗಲೇ ಹುರಿ ಕೆಟ್ಟಿತೋ, ದಾರಿಯ ಕುಲುಕಾಟದಲ್ಲಿ ಕೆಟ್ಟಿತೋ ಯಾರೂ ಹೇಳಲಾರರೆಂದು ವೈದ್ಯರು ಅಂದರು. ಎತ್ತಿದ ನಾಲ್ವರಿಗೂ ಈ ಮಾತು ತಿಳಿದಿದೆ. ಅವರಲ್ಲಿ ಒಬ್ಬನು ಅವನ ಸ್ವಂತ ಚಿಕ್ಕಪ್ಪ.

ಮೊದಲ ಕೆಲವು ವಾರಗಳು ಕಾಲುಗಳು ಬಟ್ಟೆಯಂತೆ ಬಿದ್ದಿದ್ದವು. ತರುವಾಯ ಒಂದು ಬೆಳಿಗ್ಗೆ ಅವನ ತಾಯಿ ನಮ್ಮ ಮನೆಗೆ ಓಡಿಬಂದು, “ಮೇಷ್ಟ್ರೇ, ದೇವರು ಕಣ್ಣುಬಿಟ್ಟ, ಹೊದಿಕೆ ಸರಿಸಿದರೆ ಕಾಲು ತಾನಾಗೇ ಮಡಿಸಿಕೊಳ್ತದೆ, ಬಂದು ನೋಡಿ” ಎಂದರು. ಹೋಗಿ ನೋಡಿದೆವು, ನಿಜ. ಪಾದವನ್ನು ಮುಟ್ಟಿದರೆ ಕಾಲು ಥಟ್ಟನೆ ಸೆಳೆದುಕೊಳ್ಳುತ್ತಿತ್ತು. ಆದರೆ ಅವನ ಮುಖವನ್ನು ನೋಡಿದರೆ, ಮುಟ್ಟಿದ್ದು ಅವನಿಗೆ ತಿಳಿದೇ ಇರಲಿಲ್ಲ.

ಇದರ ಮರ್ಮವು ನಮ್ಮ ಅಡಿಗೆಯ ಮನೆಯಲ್ಲಿಯೇ ಉಂಟು. ಕಾದ ಹೆಂಚಿಗೆ ಬೆರಳು ತಗುಲಿದರೆ, ಸುಟ್ಟಿತೆಂದು ಮನಸ್ಸಿಗೆ ತಿಳಿಯುವ ಮೊದಲೇ ಕೈ ಹಿಂದಕ್ಕೆ ಬಂದಿರುವುದಲ್ಲವೇ? ಸುದ್ದಿಯು ಹಿಂದಿನ ಬೇರಿನಿಂದ ಹುರಿಯನ್ನು ಹೊಕ್ಕು, ಅಲ್ಲಿಯ ಬೂದು ಭಾಗದಲ್ಲೇ ತೀರ್ಮಾನವಾಗಿ, ಮುಂದಿನ ಬೇರಿನಿಂದ ಆಜ್ಞೆ ಹೊರಟುಬಿಡುವುದು. ಸಾಹೇಬರಿಗೆ ಕಾಗದ ಹೋಗುವಷ್ಟರಲ್ಲಿ ಊರ ಪಟೇಲನೇ ಕೆಲಸ ಮುಗಿಸಿದಂತೆ. ಏಟು ಬಿದ್ದ ಜಾಗಕ್ಕಿಂತ ಕೆಳಗಿನ ಹುರಿಯು ಬದುಕಿದ್ದರೆ, ಮೊದಲ ಆಘಾತ ತಗ್ಗಿದಮೇಲೆ ಈ ಪಟೇಲಿಕೆ ಮತ್ತೆ ಮೊದಲಾಗುವುದು. ಮೇಲಿನ ಹಿಡಿತ ತಪ್ಪಿದ್ದರಿಂದ ಬೇಕಾದ್ದಕ್ಕಿಂತ ಹೆಚ್ಚಾಗಿಯೂ ನಡೆಯುವುದು. ಅದು ಚೇತರಿಕೆಯಲ್ಲ. ವೈದ್ಯರು ಇದನ್ನು ವಿವರಿಸಿದ್ದನ್ನು ಆ ತಾಯಿಗೆ ತಿಳಿಯಹೇಳುವ ಕೆಲಸ ನಮ್ಮ ಪಾಲಿಗೆ ಬಂದಿತು. ನಮ್ಮ ಬೋಧನೆಯ ಬಾಳಿನಲ್ಲಿ ಅಷ್ಟು ಕಠಿಣವಾದ ಪಾಠವನ್ನು ಹೇಳಿದ್ದು ನೆನಪಿಲ್ಲ. ಆಕೆ ಬಹಳ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಈಗ ನಾನು ಏನು ಮಾಡಬೇಕು ಅದನ್ನ ಹೇಳಿ” ಎಂದರು.

ಮಾಡುವುದು ಬಹಳವಿತ್ತು. ಹುರಿ ಕಡಿದವರನ್ನು ಹಿಂದೆ ಕೊಲ್ಲುತ್ತಿದ್ದುದು ಹುರಿಯಲ್ಲ; ಹಾಸಿಗೆಯ ಹುಣ್ಣು ಮತ್ತು ಕೆಟ್ಟ ಮೂತ್ರ. ನೋವಿನ ಸುದ್ದಿಯೇ ಮೇಲೆ ಹೋಗದಿದ್ದರೆ ಮಲಗಿದವನು ಮಗ್ಗುಲು ಹೊರಳನು. ಒತ್ತಿದ ಜಾಗಕ್ಕೆ ರಕ್ತವಿಲ್ಲದೆ ಚರ್ಮ ಸಾಯುವುದು. ಮೂತ್ರ ತುಂಬಿದ್ದು ತಿಳಿಯದೆ ನಿಂತು ಮೂತ್ರಪಿಂಡಗಳನ್ನು ಕೆಡಿಸುವುದು. ಜರ್ಮನಿಯಿಂದ ಇಂಗ್ಲೆಂಡಿಗೆ ಓಡಿಬಂದ ಲುಡ್ವಿಗ್ ಗುಟ್‌ಮನ್ ಎಂಬ ಯಹೂದಿ ವೈದ್ಯನು ೧೯೪೪ರಲ್ಲಿ ಸ್ಟೋಕ್ ಮ್ಯಾಂಡವಿಲ್ ಎಂಬಲ್ಲಿ ಇಂಥವರಿಗೆಂದೇ ವಿಭಾಗವನ್ನು ತೆರೆದು, ಹಗಲಿರುಳೂ ಎರಡು ಗಂಟೆಗೊಮ್ಮೆ ರೋಗಿಗಳನ್ನು ಹೊರಳಿಸುವ ನಿಯಮವನ್ನು ಮಾಡಿದನು. ಕೆಲವು ತಿಂಗಳಲ್ಲಿ ಸಾಯುವರೆಂದು ಕೈಬಿಟ್ಟಿದ್ದ ಸಿಪಾಯಿಗಳು ಎದ್ದು ಕುಳಿತರು; ೧೯೪೮ರಲ್ಲಿ ಅವರಲ್ಲಿ ೧೬ ಮಂದಿ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುವಿದ್ಯೆಯ ಪಂದ್ಯವಾಡಿದರು. ನಮ್ಮ ನೆರೆಯ ವೆಲ್ಲೂರಿನಲ್ಲಿ ಮೇರಿ ವರ್ಗೀಸ್ ಎಂಬ ವೈದ್ಯೆಯು ೧೯೫೪ರಲ್ಲಿ ವಾಹನದ ಅಪಘಾತದಿಂದ ತಾವೇ ಹೀಗಾಗಿ, ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರಕ್ರಿಯೆ ಮಾಡಿ, ಇಂಥವರನ್ನು ಬಾಳಿಗೆ ಹಿಂದಿರುಗಿಸುವ ವಿಭಾಗವನ್ನು ಕಟ್ಟಿದರು. ಆ ತಾಯಿಗೆ ಈ ಹೆಸರುಗಳೊಂದೂ ತಿಳಿಯದು. ಆಕೆಯ ಗೋಡೆಯ ಗಡಿಯಾರದ ಪಕ್ಕದಲ್ಲಿ ಮಾತ್ರ ಸುಣ್ಣದ ಗೆರೆಗಳಿವೆ, ಬಲಮಗ್ಗುಲಿಗೊಂದು, ಎಡಮಗ್ಗುಲಿಗೊಂದು. ಮೂರು ವರ್ಷಗಳಾದುವು, ಮಗನ ಬೆನ್ನಿನಲ್ಲಿ ಒಂದು ಹುಣ್ಣಿಲ್ಲ.

ಅವನು ಈಗ ಗಾಲಿಕುರ್ಚಿಯಲ್ಲಿ ಕುಳಿತು ನಾಲ್ಕು ಮನೆಗಳ ಹೊಗೆಸೊಪ್ಪಿನ ಲೆಕ್ಕ ಬರೆಯುತ್ತಾನೆ. ಕುರ್ಚಿ ಬಂದಾಗ ಹೊಸಿಲು ಅಡ್ಡವಾಯಿತು. ಹೊಸಿಲು ಲಕ್ಷ್ಮಿಯ ಸ್ಥಾನ, ಕೀಳಬಾರದೆಂದು ಅಜ್ಜಿ ಹಟ ಹಿಡಿದರು. ಶಾಸ್ತ್ರ ಕೇಳಲು ನಮ್ಮ ಬಳಿಗೆ ಜನ ಬಂದರು. ಲಕ್ಷ್ಮಿಯು ಹೊಸಿಲಿನ ಎತ್ತರವನ್ನು ಅಳೆಯುವವಳಲ್ಲವೆಂದು ನಾವು ಹೇಳಿದೆವು. ಕಡೆಗೆ ಕೀಳದೆ, ಎರಡು ಕಡೆಗೂ ಸಿಮೆಂಟಿನ ಇಳಿಜಾರು ಕಟ್ಟಿಸಿದರು. ಅಜ್ಜಿಯು ಈಗ ಇಳಿಜಾರಿನ ಮೇಲೆಯೇ ರಂಗೋಲಿ ಹಾಕುತ್ತಾರೆ.

ಇನ್ನು ಎತ್ತುವ ಕ್ರಮವನ್ನು ಹೇಳಿ ಮುಗಿಸುತ್ತೇವೆ. ಎತ್ತರದಿಂದ ಬಿದ್ದವನ ಬೆನ್ನು ಕುತ್ತಿಗೆ ನೋಯುತ್ತಿದ್ದರೆ, ಕೈಕಾಲು ಜುಮ್ಮೆಂದರೆ, ಅಥವಾ ಎಚ್ಚರವೇ ಇಲ್ಲದಿದ್ದರೆ, ಬೆನ್ನು ಮುರಿದಿದೆಯೆಂದೇ ಎಣಿಸಬೇಕು. ಕೂರಿಸಬಾರದು, ನಿಲ್ಲಿಸಬಾರದು, ನಡೆಸಿ ನೋಡಬಾರದು, ಎಣ್ಣೆ ತಿಕ್ಕಬಾರದು, ನೀರು ಕುಡಿಸಬಾರದು. ಬೆಂಕಿಯೋ ನೀರೋ ಹತ್ತಿರವಿಲ್ಲದಿದ್ದರೆ ಬಿದ್ದಲ್ಲಿಯೇ ಇರಲಿ. ಒಬ್ಬರು ತಲೆಯ ಎರಡು ಪಕ್ಕವನ್ನೂ ಅಲುಗದಂತೆ ಹಿಡಿದು ಕೂತು, ಇನ್ನೊಬ್ಬರು ೧೦೮ಕ್ಕೆ ಫೋನ್ ಮಾಡಲಿ. ೨೦೦೮ರಿಂದ ನಮ್ಮ ರಾಜ್ಯದಲ್ಲಿರುವ ಈ ವಾಹನದಲ್ಲಿ ಹಲಗೆಯೂ ಕುತ್ತಿಗೆಯ ಪಟ್ಟಿಯೂ ತಿಳಿದ ಜನರೂ ಇರುತ್ತಾರೆ. ಅಷ್ಟೋತ್ತರವನ್ನು ದಿನವೂ ಹೇಳುವ ನಮ್ಮ ಜನ ಈ ಸಂಖ್ಯೆಯನ್ನು ಮರೆಯಲಾರರು. ವಾಂತಿಯಾದರೆ ತಲೆ, ಎದೆ, ಸೊಂಟಗಳು ಒಂದೇ ದಿಮ್ಮಿಯಂತೆ ಒಟ್ಟಿಗೆ ಹೊರಳುವ ಹಾಗೆ ಮೂರು ನಾಲ್ಕು ಜನ ಸೇರಿ ಪಕ್ಕಕ್ಕೆ ಹೊರಳಿಸಬೇಕು. ಕಾಡಿನೊಳಗೆ ವಾಹನ ಬಾರದೆ ಸಾಗಿಸಲೇಬೇಕಾದರೆ, ಹಾಗೆಯೇ ಹೊರಳಿಸಿ ಬೆನ್ನಿನಡಿಗೆ ಹಲಗೆ ಕೊಟ್ಟು, ತಲೆಯಿಂದ ಕಾಲವರೆಗೆ ಬಟ್ಟೆಯಿಂದ ಕಟ್ಟಿ, ಮಲಗಿಸಿಯೇ ಒಯ್ಯಬೇಕು. ಕಂಬಳಿಯ ಜೋಳಿಗೆ ಬೇಡ. ಅದರಲ್ಲಿ ಬೆನ್ನು ಬಾಗುವುದು.

ಹೋದ ವರ್ಷ ಬ್ಯಾರನ್ನುಗಳಿಗೆ ಬೆಂಕಿ ಹಾಕುವ ಮೊದಲು, ಆರೂವರೆ ಅಡಿ ಉದ್ದದ ಎರಡು ಹಲಗೆಗಳನ್ನು ಮಾಡಿಸಿ, ಕಟ್ಟಲು ಬಟ್ಟೆಯ ಪಟ್ಟಿಗಳ ಸಮೇತ ನಮ್ಮೂರ ಹಾಲಿನ ಡೈರಿಯಲ್ಲಿ ಇಡಿಸಿದೆವು. ಒಂದು ಅಲ್ಲಿಯೇ ಇದೆ. ಇನ್ನೊಂದನ್ನು ಬೇಸಗೆಯಲ್ಲಿ ಯಾರೋ ಒಯ್ದು ಅದರ ಮೇಲೆ ಸಂಡಿಗೆ ಒಣಹಾಕಿದ್ದನ್ನು ಕಂಡು, ತೊಳೆಸಿ, ಮತ್ತೆ ಅಲ್ಲಿಗೇ ತಂದಿಡಿಸಿದ್ದೇವೆ. ಪಟ್ಟಿಗಳು ಮಾತ್ರ ಸಿಕ್ಕಲಿಲ್ಲ. ಹೊಸವನ್ನು ನಮ್ಮ ಮನೆಯವರು ಹಳೆಯ ಪಂಚೆಯಿಂದ ಹೊಲಿದುಕೊಟ್ಟಿದ್ದಾರೆ.